ಗಿರಿಜಾಳ ಇಂಚು

ನನ್ನ ಎತ್ತರ ಎಷ್ಟೆಂದು ಯಾರಾದರೂ ಕೇಳಿದರೆ ನಾನು ಎರಡು ಇಂಚು ಸುಳ್ಳು ಹೇಳುತ್ತೇನೆ. ಮರೆವಿನಿಂದಲ್ಲ, ತಿಳಿದೇ ಹೇಳುತ್ತೇನೆ. ಬೆಟಗೇರಿಯಿಂದ ಬಸ್ಸಿನಲ್ಲಿ ಓಡಾಡಿ ಮುಂಡರಗಿಯ ಹೈಸ್ಕೂಲೊಂದರಲ್ಲಿ ಜೀವನಪೂರ್ತಿ ವಿಜ್ಞಾನ ಕಲಿಸಿ, ಉತ್ತರದ ಮುಂದೆ ಏಕಮಾನ ಬರೆಯದವರಿಗೆ ಅರ್ಧ ಅಂಕ ಕತ್ತರಿಸಿ, ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತವನಿಗೆ ಇದು ಶೋಭಿಸುವ ಮಾತಲ್ಲ. ಆದರೂ ಹೇಳುತ್ತೇನೆ.

ಮೊನ್ನೆ ನಮ್ಮ ಓಣಿಯಲ್ಲಿ ಆರೋಗ್ಯ ಶಿಬಿರ ಇಟ್ಟಿದ್ದರು. ಬಿಳಿ ಕೋಟು ಹಾಕಿದ ಹುಡುಗಿ ನನ್ನ ಹೆಸರು, ವಯಸ್ಸು ಕೇಳಿ ಎತ್ತರ ಎಷ್ಟೆಂದಳು. "ಐದು ಫೂಟು ಏಳು ಇಂಚು" ಎಂದೆ. ಅವಳು ತಲೆಯಿಂದ ಚಪ್ಪಲಿಯವರೆಗೆ ನನ್ನನ್ನು ಒಮ್ಮೆ ನೋಡಿದಳು. ಸಂತೆಯಲ್ಲಿ ಕುಂಬಳಕಾಯಿ ನೋಡುವವರು ಹಾಗೆ ನೋಡುತ್ತಾರೆ. "ಸರ್, ಚಪ್ಪಲಿ ಬಿಟ್ಟು ಸ್ವಲ್ಪ ಗ್ವಾಡಿಗೆ ನಿಂದರ್ರಿ" ಎಂದಳು. ನಿಂತೆ. "ನೂರಾ ಅರವತ್ತೈದು ಸೆಂಟಿಮೀಟರ ಐತ್ರಿ." ನೂರಾ ಅರವತ್ತೈದೆಂದರೆ ಐದು ಫೂಟು ಐದು ಇಂಚು ಎಂಬುದು ನನಗೆ ಗೊತ್ತಿಲ್ಲದ್ದೇ? ಬರೆದುಕೊಳ್ಳಮ್ಮ ಎಂದು ಸುಮ್ಮನೆ ಚಪ್ಪಲಿ ಮೆಟ್ಟಿದೆ.

ನಮ್ಮ ಕಡೆ ಅಳತೆಯ ವಿಷಯದಲ್ಲಿ ಜನರನ್ನು ನಂಬುವುದು ಕಷ್ಟ. ಎರಡು ದೋಣಿಯಲ್ಲಿ ಒಂದೊಂದು ಕಾಲಿಟ್ಟೂ ಮುಳುಗದೆ ನಡೆದಿರುವವರು ನಾವು. ಹಾಲು ಲೀಟರಿನಲ್ಲಿ ಕೊಳ್ಳುತ್ತೇವೆ, ಹಿತ್ತಲನ್ನು ಫೂಟಿನಲ್ಲಿ ಅಳೆಯುತ್ತೇವೆ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಕಿಲೋಮೀಟರು, ಲಕ್ಷ್ಮೇಶ್ವರದಲ್ಲಿ ಕೊಂಡ ಟಿವಿಗೆ ಇಂಚು. ಬಿಸಿಲು ಸೆಲ್ಸಿಯಸ್ಸಿನಲ್ಲಿ ಸುಡುತ್ತದೆ, ಜ್ವರ ಮಾತ್ರ ಫ್ಯಾರನ್‌ಹೀಟಿನಲ್ಲಿಯೇ ಬರಬೇಕು. ಕುರ್ತಕೋಟಿಯ ನನ್ನ ಗೆಳೆಯ ಮಳೆ ಎಷ್ಟು ಮಿಲಿಮೀಟರು ಎಂದು ಪೇಪರಿನಲ್ಲಿ ಓದುತ್ತಾನೆ. ಓದಿದ ಮೇಲೆ ಹೊಲಕ್ಕೆ ಹೋಗಿ ಕರಿ ಮಣ್ಣಿನಲ್ಲಿ ಕೈ ತೂರಿಸಿ, "ನಾಲ್ಕು ಬೆರಳು ಹಸಿ ಆಗೇತಿ, ಇನ್ನೊಂದು ಮಳಿ ಬೇಕು" ಎನ್ನುತ್ತಾನೆ. ಡಂಬಳದಿಂದ ಶಾಲೆಗೆ ಬರುತ್ತಿದ್ದ ನನ್ನ ಹುಡುಗರು ಅಲ್ಲಿಯ ಕೆರೆಯ ಆಳವನ್ನು ಎರಡಾಳು, ಮೂರಾಳು ಎಂದು ಆಳಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಎಷ್ಟು ಮೀಟರೆಂದು ಕೇಳಿದರೆ, ಯಾವ ಆಳು ಎಂಬುದರ ಮೇಲೆ ನಿಂತಿದೆ ಎಂದು ಉತ್ತರಿಸುತ್ತಿದ್ದರು. ತರ್ಕ ಸರಿಯಾಗಿಯೇ ಇತ್ತು.

ಒಮ್ಮೆ ಅವರನ್ನೆಲ್ಲ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಹೆಬ್ಬಾವಿನ ಮುಂದೆ ನಿಂತು ಇದು ಮೂರು ಮೀಟರ್ ಉದ್ದ ಎಂದು ವಿವರಿಸಿದೆ. ಒಬ್ಬರಿಗೂ ಅಂಜಿಕೆ ಬರಲಿಲ್ಲ. "ಫೂಟಿನಾಗ ಹೇಳ್ರಿ ಸರ್" ಎಂದರು. ಹತ್ತು ಫೂಟಿಗೆ ಒಂದೆರಡು ಇಂಚು ಕಡಿಮೆ ಎಂದೆ. ಆಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮೆಟ್ರಿಕ್ ಪದ್ಧತಿಯಲ್ಲಿ ಏನು ಕೊರತೆ ಇದೆಯೆಂದು ನನಗೆ ಅಂದು ಸ್ವಲ್ಪ ಹೊಳೆಯಿತು. ಅದರಲ್ಲಿ ಎಲ್ಲ ಲೆಕ್ಕವೂ ಹತ್ತರಿಂದ ಸಲೀಸಾಗಿ ಆಗುತ್ತದೆ, ಅಂಜಿಕೆ ಮಾತ್ರ ಆಗುವುದಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ನನ್ನ ಮನೆಯಲ್ಲಿಯೇ ಎರಡು ರಾಜ್ಯಗಳಿದ್ದವು. ನಾನು ಮೀಟರಿನವನು. ನನ್ನ ಹೆಂಡತಿ ಗಿರಿಜಾ ಇಂಚಿನವಳು. ಲಕ್ಷ್ಮೇಶ್ವರದ ತವರಿನಲ್ಲಿ ಹೊಲಿಗೆ ಕಲಿತು ಬಂದವಳು, ಮದುವೆಯಾದ ಹೊಸದರಲ್ಲಿಯೇ ಪಡಸಾಲೆಯಲ್ಲಿ ಮಷಿನ್ ಇಟ್ಟಳು. ಓಣಿಯ ಅರ್ಧ ಹೆಂಗಸರ ಜಂಪರುಗಳು ಅವಳ ಕೈಯಿಂದಲೇ ಆಗಬೇಕು. ಹಿಂಬದಿಯ ಮನೆಯಲ್ಲಿ ಮಗ್ಗದ ಸಪ್ಪಳ, ನಮ್ಮ ಮನೆಯಲ್ಲಿ ಮಷಿನ್ನಿನ ಸಪ್ಪಳ, ನಡುವೆ ನಾನು ಉತ್ತರಪತ್ರಿಕೆ ತಿದ್ದಬೇಕು.

ಗದಗಿನ ಅರಿವೆ ಅಂಗಡಿಯಲ್ಲಿ ಅವಳೊಡನೆ ನಿಲ್ಲುವುದು ನನಗೆ ಪರೀಕ್ಷೆ. ಅಂಗಡಿಯವನು ಸ್ಟೀಲಿನ ಮೀಟರು ಕಡ್ಡಿಯಿಂದ ಅಳೆದು ಕೊಟ್ಟ ಅರಿವೆಯನ್ನು ಅವಳು ಅಲ್ಲಿಯೇ ಬಿಚ್ಚಿ, ಒಂದು ತುದಿಯನ್ನು ಮೂಗಿಗೆ ಹಿಡಿದು, ಮುಖ ಆ ಕಡೆ ತಿರುಗಿಸಿ, ಇನ್ನೊಂದು ಕೈ ಚಾಚಿ, ಒಂದು ವಾರ, ಎರಡು ವಾರ ಎಂದು ಗಜದ ಲೆಕ್ಕದಲ್ಲಿ ಎಣಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಬೀದಿಯ ಎತ್ತು ನೋಡುತ್ತ ನಿಲ್ಲುತ್ತಿದ್ದೆ. ಮನೆಗೆ ಬಂದ ಮೇಲೆ ಪ್ಯಾರಿಸಿನ ಹತ್ತಿರ ಜೋಪಾನವಾಗಿ ಇಟ್ಟಿರುವ ಪ್ಲಾಟಿನಮ್ ಬೆರೆತ ಲೋಹದ ಕಡ್ಡಿಯ ಕಥೆ ಹೇಳಿದೆ. ಒಂದು ಕಾಲದಲ್ಲಿ ಜಗತ್ತಿನ ಮೀಟರುಗಳೆಲ್ಲ ಅದರ ಮಕ್ಕಳು, ಈಗ ಅದನ್ನೂ ಬಿಟ್ಟು ಬೆಳಕಿನ ಓಟದಿಂದ ಮೀಟರನ್ನು ನಿಶ್ಚಯಿಸುತ್ತಾರೆ ಎಂದೆ. ಮಾತಿನ ಭರದಲ್ಲಿ, ಇಂಗ್ಲಂಡಿನ ಯಾವನೋ ರಾಜ ತನ್ನ ಮೂಗಿನಿಂದ ಹೆಬ್ಬೆರಳಿನ ತನಕ ಇರುವುದೇ ಒಂದು ಗಜ ಎಂದು ಸಾರಿದನಂತೆ ಎಂಬ ಕಥೆಯನ್ನೂ ಸೇರಿಸಿಬಿಟ್ಟೆ. ಸೇರಿಸಬಾರದಿತ್ತು.

"ಅಂದ್ರ ರಾಜನ ಮೂಗು ನಡೀತೈತಿ, ನನ್ನ ಮೂಗು ನಡಿಯಂಗಿಲ್ಲ?" ಎಂದು ಕೇಳಿ ಅವಳು ಚಹಾ ಕುದಿಸಲು ಹೋದಳು.

ಜ್ವರದ ವಿಷಯದಲ್ಲಿಯೂ ಇದೇ. ನಾನು ಹೊಸದಾಗಿ ಡಿಜಿಟಲ್ ಥರ್ಮಾಮೀಟರ್ ತಂದ ವಾರವೇ ನನಗೆ ಜ್ವರ ಬಂತು. ನೋಡಿದರೆ ಮೂವತ್ತೆಂಟು ಪಾಯಿಂಟ್ ಒಂಬತ್ತು. "ಮೂವತ್ತೆಂಟಕ್ಕ ಯಾರರ ಮಲಗ್ತಾರನ್ರಿ? ಎದ್ದು ಮಾರಿ ತೊಕ್ಕೊಳ್ರಿ" ಎಂದಳು. ನರಳುತ್ತಲೇ ಒಂದು ಪಾಯಿಂಟ್ ಎಂಟರಿಂದ ಗುಣಿಸಿ, ಮೂವತ್ತೆರಡು ಕೂಡಿಸಿ, ನೂರಾ ಎರಡು ಎಂದೆ. ಆಗ ಗಾಬರಿಯಾಗಿ ಹಣೆ ಮುಟ್ಟಿದಳು, ಗಂಜಿಗೆ ಇಟ್ಟಳು, ಹಣೆಗೆ ತಣ್ಣೀರಿನ ಅರಿವೆ ಹಾಕಿದಳು. ಈ ಮಳೆಗಾಲದಲ್ಲಿಯೂ ನನಗೆ ಜ್ವರ ಬಂದಿತ್ತು. ಅದೇ ಥರ್ಮಾಮೀಟರು, ಹೆಚ್ಚುಕಡಿಮೆ ಅದೇ ಅಂಕಿ. ಗುಣಿಸಿ ಕೂಡಿಸಿ ಯಾರಿಗೆ ಹೇಳಲಿ? ಗಿರಿಜಾ ಇಲ್ಲ. ಅವಳು ಹೋದ ಮೇಲೆ ನನ್ನ ಜ್ವರ ಮೂವತ್ತೆಂಟರಲ್ಲಿಯೇ ನಿಂತುಬಿಟ್ಟಿದೆ, ನೂರು ದಾಟುವುದೇ ಇಲ್ಲ.

ಈಗ ಅವಳ ಟೇಪಿನ ಮಾತು. ದರ್ಜಿಗಳ ಟೇಪಿಗೆ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್ ಇರುತ್ತದೆ. ಗಿರಿಜಾಳ ಟೇಪಿನಲ್ಲಿ ಇಂಚಿನ ಬದಿ ಕೈ ಬೆವರಿಗೆ ಸವೆದು ಅಂಕಿಗಳು ಮಾಸಿವೆ. ಸೆಂಟಿಮೀಟರಿನ ಬದಿ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಬಹಳ ಹಿಂದೆ ಒಮ್ಮೆ ಕೆಂಡದ ಇಸ್ತ್ರಿ ಪೆಟ್ಟಿಗೆ ತಾಗಿ ಟೇಪಿನ ತುದಿ ಸುಟ್ಟಿತು. ಸುಟ್ಟ ಭಾಗವನ್ನು ಅವಳು ಕತ್ತರಿಯಿಂದ ನೀಟಾಗಿ ತೆಗೆದಳು. ಸರಿಯಾಗಿ ಒಂದು ಇಂಚು ಹೋಯಿತು. ಅಂದಿನಿಂದ ಆ ಟೇಪು ಒಂದರಿಂದಲೇ ಸುರುವಾಗುತ್ತದೆ. ಅದರಿಂದ ಅಳೆದರೆ ಮೂವತ್ತೈದು ಇಂಚಿನದು ಮೂವತ್ತಾರು ಎಂದು ತೋರುತ್ತದೆ.

ಸೊನ್ನೆಯಿಲ್ಲದ ಟೇಪು ಮನೆಯಲ್ಲಿರುವುದನ್ನು ವಿಜ್ಞಾನದ ಮಾಸ್ತರ ಸಹಿಸುವುದು ಹೇಗೆ? ಹೊಸದನ್ನು ತಂದುಕೊಟ್ಟೆ. ಅದು ಹಾಸಿಗೆ ಸುತ್ತಿ ಕಟ್ಟಲು ಹೋಯಿತು. ಮತ್ತೊಂದು ತಂದೆ. ಅದರಿಂದ ಹಿತ್ತಲಿನ ಹೀರೇಬಳ್ಳಿ ಕಟ್ಟಿದಳು. ನಿನ್ನ ಅಳತೆಯೆಲ್ಲ ತಪ್ಪು ಎಂದು ಕಡೆಗೆ ನೇರವಾಗಿಯೇ ಹೇಳಿದೆ.

"ಅಳಿಯೂದೂ ಇದರಾಗ, ಕತ್ತರಸೂದೂ ಇದರಾಗ. ಮತ್ತ ತಪ್ಪು ಎಲ್ಲಿಂದ ಬಂತ್ರಿ?" ಎಂದಳು.

ಮಾತು ನಿಜವೇ. ಅಳೆಯುವಾಗ ಕೂಡಿದ ಒಂದು ಇಂಚು ಕತ್ತರಿಸುವಾಗ ಕಳೆಯುತ್ತಿತ್ತು. ಅವಳು ಹೊಲಿದ ಜಂಪರು ಯಾರಿಗೂ ಸಡಿಲಾಗಲಿಲ್ಲ, ಬಿಗಿಯಾಗಲಿಲ್ಲ. ಆದರೆ ಹೀಗಾಗಿ ನಮ್ಮ ಓಣಿಯ ಹೆಂಗಸರಿಗೆಲ್ಲ ಬಾಯಿಪಾಠವಾದ ತಮ್ಮತಮ್ಮ ನಂಬರು ಮಾತ್ರ ಲೋಕದ ಇಂಚಿನದಾಗಿರಲಿಲ್ಲ, ಗಿರಿಜಾಳ ಇಂಚಿನದಾಗಿತ್ತು. ಅವಳಿರುವ ತನಕ ಅದು ಯಾರಿಗೂ ತಿಳಿಯುವ ಕಾರಣವೇ ಇರಲಿಲ್ಲ.

ತಿಳಿದದ್ದು ಈಗ, ಎದುರುಮನೆಯ ಹಸೀನಾಬಿಯ ಮಗಳ ಮದುವೆ ಗೊತ್ತಾದ ಮೇಲೆ. ಹಸೀನಾಬಿಯ ತಂಗಿಯ ಮಗ ಶಿರಹಟ್ಟಿಯಲ್ಲಿ ದರ್ಜಿ. ಮದುವೆಯ ಜಂಪರು ಹೊಲಿಯಲು ಅವನಿಗೆ ಒಪ್ಪಿಸಿ, ಫೋನಿನಲ್ಲಿಯೇ ನಂಬರು ಹೇಳಿದ್ದಾಳೆ. ಮೊದಲು ತನ್ನದೊಂದನ್ನು ಹೊಲಿಸಿ ತರಿಸಿದರೆ ಅದು ಎಲ್ಲೆಡೆ ಸಡಿಲು. ಅದನ್ನು ಹಿಡಿದುಕೊಂಡು ಸಂಜೆ ನಮ್ಮ ಮನೆಗೆ ಬಂದಳು.

"ನೋಡ್ರಿ ಸರ್, ಇದರಾಗ ನಾನೂ ನನ್ನ ಮಗಳೂ ಇಬ್ಬರೂ ಕುಂಡ್ರಬಹುದು. ತೋಳು ಮೊಣಕೈ ದಾಟ್ಯಾವ. ಅವನ ಕೇಳಿದ್ರ, ನೀ ಹೇಳಿದ್ ನಂಬರಿಗೇ ಹೊಲದೇನಿ ದೊಡ್ಡವ್ವ ಅಂತಾನ. ಮೂವತ್ತಾರು ಅಂತ ಗಿರಿಜಾ ಅಕ್ಕಾರ ಹೇಳಿದ್ರು, ನಾ ಅದನ್ನ ಹೇಳೇನಿ."

ಹಳೆಯ ಜಂಪರೊಂದನ್ನು ಅಳತೆಗೆ ಕಳಿಸಬಹುದಿತ್ತಲ್ಲ ಎಂದೆ. "ಅವೆಲ್ಲಾ ಹಾಕ್ಕೊಂಡು ಹಾಕ್ಕೊಂಡು ಹಿಗ್ಗ್ಯಾವ್ರಿ. ನನಗ ಅನಸ್ತೈತಿ, ಅಕ್ಕಾರ ಟೇಪಿನಾಗ ಏನೋ ಐತಿ. ಅದನ್ನ ಕೊಡ್ರಿ, ಶಿರಹಟ್ಟಿಗೆ ಕಳಸ್ತೀನಿ. ಮದುವಿ ಮುಗದ ಮ್ಯಾಲೆ ತಂದು ಕೊಡ್ತೀನಿ."

ಟೇಪು ಮಷಿನ್ನಿನ ಮೇಲೆಯೇ ಇತ್ತು, ಗಿರಿಜಾ ಸುತ್ತಿಟ್ಟ ಸುರುಳಿಯಾಗಿಯೇ. ನಾನು ಅದನ್ನು ಬಿಚ್ಚಿರಲಿಲ್ಲ. ಬಿಚ್ಚಿದರೆ ಅವಳು ಸುತ್ತಿದ್ದು ಹೋಗಿ ನಾನು ಸುತ್ತಿದ್ದಾಗುತ್ತದೆ. ಅದು ಬಸ್ಸು ಹತ್ತಿ ಶಿರಹಟ್ಟಿಗೆ ಹೋಗಿ ಯಾರದೋ ಕೊರಳಲ್ಲಿ ಜೋತಾಡುವುದು ನನ್ನಿಂದಾಗದು ಎನಿಸಿತು. ಆದರೆ ಟೇಪು ಕೊಡದಿದ್ದರೆ ಇನ್ನೊಂದು ಮಾತು ಹೇಳಬೇಕಾಗುತ್ತದೆ. ನಂಬರಿನಲ್ಲಿ ಒಂದು ಕಳೆಯಿರಿ ಎಂಬ ಮಾತು. ಎರಡನೆಯ ಇಯತ್ತೆಯ ಲೆಕ್ಕ. ಅದನ್ನು ಹೇಳಿದರೆ ಹಸೀನಾಬಿ ತನ್ನ ನಂಬರು ತಿದ್ದಿಕೊಳ್ಳುತ್ತಾಳೆ, ನೀರಿನ ನಲ್ಲಿಯ ಹತ್ತಿರ ಉಳಿದವರಿಗೆ ಹೇಳುತ್ತಾಳೆ, ಅವರೂ ತಿದ್ದಿಕೊಳ್ಳುತ್ತಾರೆ. ನಾಲ್ಕು ದಿನದಲ್ಲಿ ಬೆಟಗೇರಿಯ ಇಂಚೆಲ್ಲ ಲೋಕದ ಇಂಚಾಗುತ್ತದೆ. ಇಷ್ಟು ಜನರ ಬಾಯಲ್ಲಿ ಇನ್ನೂ ಉಳಿದಿದ್ದ ಗಿರಿಜಾ ಅಳಿಸಿಹೋಗುತ್ತಾಳೆ. ಒಂದು ಏಕಮಾನವನ್ನು ಇನ್ನೊಂದಕ್ಕೆ ಪರಿವರ್ತಿಸುವುದನ್ನು ಊರ ಮಕ್ಕಳಿಗೆಲ್ಲ ಕಲಿಸಿದ ನನಗೆ ಅಂದು ಒಂದು ಕಳೆಯಿರಿ ಎನ್ನಲು ನಾಲಿಗೆ ಏಳಲಿಲ್ಲ. ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಗಿರಿಜಾ ಇಲ್ಲದ್ದು ಆ ಹೊತ್ತಿನಲ್ಲಿ ಸಂಕಟವಾಗುವಷ್ಟು ನೆನಪಾಯಿತು.

ಚಹಾ ಸಕ್ಕರೆಯಿಲ್ಲದೆ ಆಗಿತ್ತು. ಹಸೀನಾಬಿ ಅದನ್ನೇ ಕುಡಿದಳು. ಮದುವೆ ಮನೆಯವಳನ್ನು ಎಷ್ಟು ಹೊತ್ತು ಕೂಡಿಸಿಕೊಳ್ಳಲಿ? ಹೇಳಿಯೇ ಬಿಟ್ಟೆ. ಇಸ್ತ್ರಿ ಪೆಟ್ಟಿಗೆ, ಸುಟ್ಟ ತುದಿ, ಕತ್ತರಿ, ಎಲ್ಲವನ್ನೂ. ಎಲ್ಲ ಅಳತೆಯಲ್ಲಿಯೂ ಒಂದೊಂದು ಇಂಚು ಕಳೆದರೆ ಸರಿಹೋಗುತ್ತದೆ, ಟೇಪು ಬೇಕಾಗಿಲ್ಲ ಎಂದೆ.

"ಅಂದ್ರ ಇಷ್ಟು ವರ್ಷ ನಂದು ಮೂವತ್ತಾರಲ್ಲ, ಮೂವತ್ತೈದು?"

"ಹೌದ್ರಿ."

ಅವಳು ಮಷಿನ್ನಿನ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ಇರ್ಲಿ ಬಿಡ್ರಿ ಸರ್. ನಾ ಮೂವತ್ತಾರ ಇರ್ತೀನಿ. ಅಕ್ಕಾರ ಹೇಳಿದ್ ನಂಬರ ಬಾಯಾಗ ಕುಂತೈತಿ, ಅದನ್ಯಾಕ ಎಬ್ಬಸೂದು? ಬೆಟಗೇರಿ ನಂಬರ ಬಂದ್ರ ಒಂದು ಕಳದು ಹೊಲಿ ಅಂತ ಶಿರಹಟ್ಟಿಯಾವಗ ಹೇಳ್ತೀನಿ. ಕಳಿಯಾವ ಅವ ಕಳೀಲಿ."

ಮದುವೆಯ ದಿನ ಹಸೀನಾಬಿಯ ಜಂಪರು ಮೈಗೆ ಸರಿಯಾಗಿ ಕುಳಿತಿತ್ತು. ಶಿರಹಟ್ಟಿಯ ದರ್ಜಿ ಗಿರಿಜಾಳನ್ನು ಕಂಡವನಲ್ಲ. ಆದರೂ ಬೆಟಗೇರಿಯಿಂದ ಫೋನು ಬಂದಾಗಲೆಲ್ಲ ಅವಳ ಟೇಪಿಗೆ ಮರ್ಯಾದೆ ಕೊಟ್ಟು ಒಂದು ಇಂಚು ಕಳೆಯುತ್ತಾನಂತೆ.

ಇನ್ನು ನನ್ನ ಎರಡು ಇಂಚಿನ ಲೆಕ್ಕ ಒಪ್ಪಿಸಬೇಕು. ಲಕ್ಷ್ಮೇಶ್ವರದ ನನ್ನ ಷಡ್ಡಕ, ಗಿರಿಜಾಳ ತಂಗಿಯ ಗಂಡ, ಐದು ಫೂಟು ಆರು ಇಂಚಿನ ಆಳು. ತವರಿಗೆ ಹೋಗಿ ಬಂದ ಒಂದು ದಿನ ಗಿರಿಜಾ ನನ್ನನ್ನು ಗೋಡೆಗೆ ನಿಲ್ಲಿಸಿ ಅದೇ ಟೇಪಿನಿಂದ ಅಳೆದಳು. ಟೇಪು ಐದು ಫೂಟಿನದು, ಎರಡು ಸಲ ಇಡಬೇಕಾಯಿತು. ಮೊದಲ ಸಲ ಒಂದು ಇಂಚು ಬೆಳೆದೆ, ಎರಡನೆಯ ಸಲ ಇನ್ನೊಂದು. "ಐದು ಫೂಟು ಏಳು" ಎಂದು ತವರಿಗೆ ಖಬರು ಹೋಯಿತು. ಎರಡು ಇಂಚು ಹೆಚ್ಚಾಯಿತಲ್ಲೇ ಎಂದೆ. "ಇರ್ಲಿ ಬಿಡ್ರಿ, ನಿಮಗೇನು ಭಾರ ಆಗ್ತೈತೇನು?" ಎಂದು ನಕ್ಕಳು.

ಶಿಬಿರದಿಂದ ಬಂದ ದಿನ ಮೊದಲ ಬಾರಿಗೆ ಆ ಟೇಪಿನ ಸುರುಳಿ ಬಿಚ್ಚಿದೆ. ಗೋಡೆಗೆ ಬೆನ್ನು ಹಚ್ಚಿ ನಿಂತು, ತುದಿಯನ್ನು ಹಿಮ್ಮಡಿಯ ಕೆಳಗೆ ಒತ್ತಿ ಹಿಡಿದು ಮೇಲಕ್ಕೆ ಎಳೆದೆ. ನೆತ್ತಿಯ ಗುರುತು ನೋಡಲು ತಲೆ ಹೊರಳಿಸಿದರೆ ಕೈ ಜಾರುತ್ತದೆ, ಕೈ ಗಟ್ಟಿ ಹಿಡಿದರೆ ತಲೆ ಹೊರಳುವುದಿಲ್ಲ. ಮನುಷ್ಯ ತನ್ನ ಜ್ವರ ತಾನು ನೋಡಿಕೊಳ್ಳಬಹುದು, ತೂಕವನ್ನೂ ನೋಡಿಕೊಳ್ಳಬಹುದು. ಎತ್ತರ ನೋಡಲು ಮಾತ್ರ ಇನ್ನೊಬ್ಬರು ಬಂದು ತಲೆಯ ಮೇಲೆ ಕೈಯಿಡಬೇಕು. ಟೇಪನ್ನು ನನಗೆ ಬಂದ ಹಾಗೆ ಸುತ್ತಿ ಮಷಿನ್ನಿನ ಮೇಲಿಟ್ಟೆ.

ಹಾಗಾಗಿ ಇನ್ನು ಮುಂದೆಯೂ ಯಾರು ಕೇಳಿದರೂ ನಾನು ಐದು ಫೂಟು ಏಳು ಇಂಚು. ಕಳೆಯುವವರು ಕಳೆಯಲಿ.