ಕುಬೇರಪ್ಪ ಡಬ್ಬಿ ಬಿಚ್ಚಿದ ದಿನ

ಲಾರಿ ಮಾಲಕರದು, ಲಾರಿಯೊಳಗಿನ ಹಾಡು ಡ್ರೈವರನದು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಗೋವಿನಜೋಳ ಸಾಗಿಸುವ ಯಾವ ಡ್ರೈವರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಟಾಯರು, ಡೀಸೆಲ್ಲು, ರಿಪೇರಿ ಎಲ್ಲ ಮಾಲಕರ ಹೊಣೆ. ಕ್ಯಾಬಿನ್ನಿನ ದೇವರ ಫೋಟೊ, ಪ್ಲಾಸ್ಟಿಕ್ ಹೂವಿನ ಹಾರ, ಟೇಪು, ಸ್ಪೀಕರು ಮಾತ್ರ ಡ್ರೈವರನ ಸ್ವಂತ ಆಸ್ತಿ. ಕೆಲಸ ಬಿಡುವವನು ರಾಜೀನಾಮೆ ಬರೆಯುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ತನ್ನ ಟೇಪು ಬಿಚ್ಚಿಕೊಳ್ಳುತ್ತಾನೆ. 'ಅಂವ ಟೇಪ್ ಬಿಚ್ಚಿದಾ' ಅಂದರೆ ಮುಗಿಯಿತು, ಮುಂದೆ ಯಾರೂ ಕಾರಣ ಕೇಳುವುದಿಲ್ಲ.

ಹಾನಗಲ್ ಕಡೆಯ ಕುಬೇರಪ್ಪ ಬಿಚ್ಚುವ ಪೈಕಿಯಲ್ಲ. ಹಿರೇಕೆರೂರಿನ ನೀಲಾಂಬಿಕಾ ಅಕ್ಕನವರ ಗೋದಾಮಿನಲ್ಲಿ ಲಾರಿ ಹೊಡೆಯುತ್ತಲೇ ಅವನ ತಲೆ ನೆರೆತಿತ್ತು. ಡ್ರೈವರುಗಳ ಸಂಘ ಕಟ್ಟಿದವರಲ್ಲಿ ಅವನೊಬ್ಬ. ಮೆರವಣಿಗೆಯಲ್ಲಿ ಮೊದಲ ಘೋಷಣೆ ಅವನದೇ. ಭಾಷಣಕ್ಕೆ ಮೈಕು ಕೊಟ್ಟರೆ ಹಿಂದಕ್ಕೆ ಕೊಡುತ್ತಿದ್ದ. ಅಕ್ಕನ ಗಂಡ ಬದುಕಿದ್ದಾಗ ಒಮ್ಮೆ, ಭತ್ಯೆ ಹೆಚ್ಚು ಕೇಳಿದನೆಂದು ರುದ್ರೇಶ ಎಂಬ ಹೊಸ ಡ್ರೈವರನನ್ನು ಹೊರಗೆ ಹಾಕಿದ್ದರು. ಕುಬೇರಪ್ಪ ಲೋಡಾದ ಲಾರಿಯನ್ನು ಗೋದಾಮಿನ ಗೇಟಿಗೆ ಅಡ್ಡ ನಿಲ್ಲಿಸಿ, ಚಾವಿಯನ್ನು ಚಡ್ಡಿಯ ಕಿಸೆಗೆ ಇಳಿಸಿ, ಗಾಲಿಯ ಮುಂದೆ ಮಲಗಿಬಿಟ್ಟ. ಪೊಲೀಸರು ಕಾಲು ಹಿಡಿದು ಎಳೆದರು. ಅಂಗಿ ಹರಿಯಿತು, ಬೆನ್ನು ತರಚಿತು, ಚಾವಿ ಸಿಗಲಿಲ್ಲ. ರುದ್ರೇಶ ಮತ್ತೆ ಕೆಲಸಕ್ಕೆ ಬಂದ. ಅಲ್ಲಿಂದ ಮುಂದೆ ಇಬ್ಬರ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಈಚೆಗೆ ಕುಬೇರಪ್ಪನ ಬಲಗಿವಿ ಹೋಯಿತು. ಕಿಟಕಿ ಪಕ್ಕದ ಕಿವಿ. ಗಾಳಿ, ಹಾರ್ನು, ಎಂಜಿನ್ನು ಸೇರಿ ಅದನ್ನು ತಿಂದುಹಾಕಿದ್ದವು. ಎಡಗಿವಿ ನೆಟ್ಟಗಿತ್ತು. ಅವನು ಲಾರಿಯ ಬದಿಗನ್ನಡಿ ನೋಡುವುದನ್ನು ಹೆಚ್ಚಿಸಿಕೊಂಡ, ಮನೆಯಲ್ಲಿ ಕೂಡ ಬಾಯಿಬಿಡಲಿಲ್ಲ. ಹಾಡು ಮಾತ್ರ ತೆಳ್ಳಗಾಯಿತು. ಹಳೆಯ ಸ್ಪೀಕರು ಸುಮ್ಮನೆ ಚೀರುತ್ತಿತ್ತು, ಢೋಲಕದ ಪೆಟ್ಟು ಎಲ್ಲಿ ಹೋಯಿತೋ ತಿಳಿಯುತ್ತಿರಲಿಲ್ಲ. ಜೋಳ ಹೇರಿಕೊಂಡು ಪುಣೆಯವರೆಗೆ ಹಾಗೆ ಹೋಗುವುದೆಂದರೆ ಅವನಿಗೆ ಉಪ್ಪಿಲ್ಲದ ಪಲ್ಲೆ ತಿಂದಂತೆ.

ಅಷ್ಟರಲ್ಲಿ ನೀಲಾಂಬಿಕಾ ಅಕ್ಕ ಹೊಸ ಲಾರಿ ತಂದರು. ಹೊಸ ಗಾಡಿ ಹಿರಿಯ ಡ್ರೈವರನಿಗೆ ಎಂಬುದು ಸಂಘ ಜಗಳಾಡಿ ಗೆದ್ದ ಕಟ್ಟಳೆ. ಚಾವಿ ಕುಬೇರಪ್ಪನಿಗೆ ಬಂತು. ರುದ್ರೇಶ ಲಾರಿಯ ಮೂತಿಯ ಮೇಲೆ ಕೈಯಾಡಿಸಿ, "ಮದಲಗಿತ್ತಿ ಆಗೇತಲ್ಲೋ ಅಣ್ಣಾ," ಅಂದ.

"ಮದಲಗಿತ್ತಿಗೆ ವಾಲಗ ಬ್ಯಾಡೇನು? ನಡಿ, ಢೋಲಕ ಗುದ್ದೂವಂಥಾ ಸಬ್‌ವೂಫರ್ ಡಬ್ಬಿ ಕೂಡಸೂಣು."

"ಈ ವಯಸ್ಸಿನ್ಯಾಗ?"

"ವಯಸ್ಸಾದಾವ್ರು ಬರೇ ಭಜನಿ ಕೇಳಬೇಕಂತ ಎಲ್ಲೆ ಬರದೈತಿ?"

ಸವಣೂರಿನ ಅಯಾಜ್ ಶಿಗ್ಗಾಂವದಲ್ಲಿ ಹೆದ್ದಾರಿಯ ಬದಿಗೆ ಸೌಂಡಿನ ಅಂಗಡಿ ಇಟ್ಟಿದ್ದ. ಇಬ್ಬರೂ ಹೊಸ ಲಾರಿ ಸಮೇತ ಅಲ್ಲಿಗೆ ಹೋದರು. ರುದ್ರೇಶ ಒಳಗೆ ಕಾಲಿಡುತ್ತಲೇ ಎಲ್ಲಕ್ಕಿಂತ ದೊಡ್ಡ ಹನ್ನೆರಡಿಂಚಿನ ವೂಫರಿಗೆ ಕೈಹಾಕಿದ. "ಇದನ್ನ ತಗೋ ಅಣ್ಣಾ. ಮೂರು ಸಾವಿರ ವ್ಯಾಟ್ ಅಂತ. ಸುತ್ತೂಕಡೆ ಲೈಟ್ ಬ್ಯಾರೆ ಮಿಂಚತಾವು."

ಅಯಾಜ್ ನಕ್ಕ. "ಅದು ಒಂದ ಗಳಿಗಿ ಮಾತ್ರಿ. ಅಷ್ಟು ಜೋರು ಒಮ್ಮೆ ತಡಕೊಂಡ್ರ ತಡಕೊಂಡೀತು. ತಾಸಗಟ್ಟಲೆ ದುಡಿಯೂದು ಎಷ್ಟು ಅಂಬೂದು ಕೆಳಗ ಸಣ್ಣ ಅಕ್ಷರದಾಗ, ಆರ್‌ಎಂಎಸ್ ಅಂತ ಇರ್ತೈತಿ ನೋಡ್ರಿ. ಇದರದು ಅದರ ಹತ್ತನೇ ಪಾಲೂ ಇಲ್ಲ."

"ಹಂಗಂದ್ರ ವೇದಿಕಿ ಮ್ಯಾಲೆ ಒದರಾಂವ ಬ್ಯಾರೆ, ಧರಣಿಗೆ ಕೂಡಾಂವ ಬ್ಯಾರೆ," ಅಂದ ಕುಬೇರಪ್ಪ. "ನನಗ ಕೂಡಾಂವನ್ನ ಕೊಡು ತಮ್ಮಾ."

ಹನ್ನೆರಡಿಂಚಿನದು ಮಲಗುವ ಬರ್ತಿನ ಕೆಳಗೆ ಹಿಡಿಯುತ್ತಲೂ ಇರಲಿಲ್ಲ. ಅಯಾಜ್ ಹತ್ತಿಂಚಿನವನ್ನು ಒಂದೊಂದಾಗಿ ಹಚ್ಚಿ ತೋರಿಸಿದ. ಕುಬೇರಪ್ಪ ಪ್ರತಿಯೊಂದು ಡಬ್ಬಿಯ ಮೇಲೂ ಅಂಗೈ ಊರಿ, ಕಣ್ಣು ಮುಚ್ಚಿ ನಿಂತ. "ಬ್ಯಾಡ, ಇದು ಗುಂಯ್ ಅಂತೈತಿ." "ಇದು ಹಾಡು ಮುಗದ ಮ್ಯಾಲೂ ಒದ್ರತೈತಿ." ಕೊನೆಗೆ ಒಂದರ ಮೇಲಿಂದ ಕೈ ತೆಗೆಯಲೇ ಇಲ್ಲ. ಪೆಟ್ಟು ಬಿದ್ದಲ್ಲಿ ಬೀಳುತ್ತಿತ್ತು, ನಿಂತಲ್ಲಿ ನಿಲ್ಲುತ್ತಿತ್ತು.

"ಮಂದಿ ಕಿವಿಲೆ ಕೇಳಿ ತಗೋತಾರ," ಅಂದ ಅಯಾಜ್. "ನೀವು ಎಮ್ಮಿ ಕೊಳ್ಳಾಕ ಬಂದಾವ್ರಂಗ ಕೈ ಆಡಸಾಕತ್ತೀರಲ್ರಿ ಅಣ್ಣಾರ."

"ಎಮ್ಮಿ ಸುಳ್ಳು ಹೇಳೂದಿಲ್ಲಪಾ."

ಆಮೇಲೆ ಆಂಪ್ಲಿಫಾಯರು. "ವೂಫರ್ ಉಣ್ಣೂವಷ್ಟ ಇದು ನೀಡಬೇಕ್ರಿ," ಅಂದ ಅಯಾಜ್. "ಕಡಿಮಿ ನೀಡೂದನ್ನ ತಗೊಂಡು ವಾಲ್ಯೂಮ್ ಏರಿಸಿದ್ರ ಆವಾಜ್ ಒಡದು ಒಳಗಿನ ಕಾಯಿಲ್ ಸುಡತೈತಿ. ಎರಡರ ಓಮ್ಸೂ ಕೂಡಬೇಕು, ನಾಕಕ್ಕ ನಾಕು." ಲಾರಿಯದು ಇಪ್ಪತ್ನಾಲ್ಕು ವೋಲ್ಟು, ಆಂಪ್ಲಿಫಾಯರಿನದು ಹನ್ನೆರಡು. ಎರಡು ಬ್ಯಾಟರಿಗಳಲ್ಲಿ ಒಂದರಿಂದಲೇ ವೈರು ಎಳೆದು ಕೆಲಸ ಮುಗಿಸು ಎಂದ ರುದ್ರೇಶ. ಅಯಾಜ್ ತಲೆಯಾಡಿಸಿದ. "ಎರಡು ಎತ್ತಿನ್ಯಾಗ ಒಂದರ ಹೆಗಲಿಗಷ್ಟ ನೊಗ ಇಟ್ಟಂಗ ಆಗ್ತೈತ್ರಿ. ಮದಲ ಒಂದು ಸಾಯ್ತೈತಿ, ಬೆನ್ನಿಗೆ ಇನ್ನೊಂದು." ವೋಲ್ಟು ಇಳಿಸುವ ಕನ್ವರ್ಟರನ್ನು ನಡುವೆ ಕೂಡಿಸಿದ.

ಅವನು ಸ್ಕ್ರೂ ಬಿಗಿಯುವವರೆಗೆ ಇಬ್ಬರೂ ಚಹಾದಂಗಡಿಯಲ್ಲಿ ಕುಳಿತರು. ಖಾರಾದ ಪೊಟ್ಟಣ ಬಿಚ್ಚುತ್ತ ರುದ್ರೇಶ ಕೇಳಿದ, "ಖರೇನ ಹೇಳು, ಕೈಯಾಕ ಇಡ್ತಿದ್ದಿ?"

ಕುಬೇರಪ್ಪ ಲೋಟ ಕೆಳಗಿಟ್ಟ. "ಬಲಗಿವಿ ಹೋಗೇತೋ. ಪೂರಾ. ಹೇಣ್ತಿಗೂ ಹೇಳಿಲ್ಲ. ಈ ಸುಗ್ಗಿ ಮುಗೀಲಿ, ಹುಬ್ಬಳ್ಳಿಗೆ ಹೋಗಿ ಮಷೀನ್ ಹಾಕಸ್ಗೋತೇನಿ. ಅಲ್ಲೀತನಕ ಯಾರ ಮುಂದೂ ಅನಬ್ಯಾಡ."

"ನಾ ಯಾಕ ಅನ್ಲಿ? ಹುಬ್ಬಳ್ಳಿಗೆ ನಾನೂ ಬರ್ತೇನಿ. ಒಬ್ಬಾಂವನ ಹೋಗಬ್ಯಾಡ."

ತಿರುಗಿ ಬರುವಾಗ ಢೋಲಕದ ಪೆಟ್ಟು ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಹತ್ತಿ ಬಂತು. ಬಂಕಾಪುರ ದಾಟುವವರೆಗೆ ಕುಬೇರಪ್ಪ ಅದೇ ಹಾಡನ್ನು ತಿರುತಿರುಗಿ ಹಚ್ಚಿದ.

ಸುಗ್ಗಿ ಇನ್ನೂ ಅರ್ಧಕ್ಕಿತ್ತು. ಒಂದು ಮುಂಜಾನೆ ಅವನು ಗೋದಾಮಿನ ಅಂಗಳದಲ್ಲಿ ತಾಡಪತ್ರಿಗೆ ಹಗ್ಗ ಬಿಗಿಯುತ್ತಿದ್ದ. ಎಡಗಡೆ ಯಾರೋ ಕರೆದಂತಾಗಿ ತಿರುಗಿದರೆ ನೀಲಾಂಬಿಕಾ ಅಕ್ಕ.

"ಮದಲ ಬಲಕ್ಕ ನಿಂತು ಮೂರು ಸಲ ಕರದ್ನಿ ಕುಬೇರಪ್ಪಾ. ತಿರಗಲಿಲ್ಲ ನೀವು. ಈ ಕಡೆ ಬಂದು ಮೆಲ್ಲಕ ಅಂದ್ನಿ, ತಿರಗಿದ್ರಿ."

ಅವನ ಕೈಯೊಳಗಿನ ಹಗ್ಗ ಸಡಿಲಾಯಿತು. ಕಿವಿ ಮಂದವಾಗಿದೆ ಎಂದು ಯಾರಾದರೂ ಊಹಿಸಬಹುದಿತ್ತು. ಯಾವ ಕಿವಿ ಎಂಬುದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು.

"ಚಾವಿ ಕೊಡ್ರಿ," ಅಂದರು ಅಕ್ಕ. "ರಸ್ತೆ ಮ್ಯಾಲೆ ಏನರ ಆದ್ರ ನನ್ನ ಕೊರಳಿಗೆ ಬರ್ತೈತಿ. ಬೇಕಾದ್ರ ಗೋದಾಮ ಕಾಯೂ ಕೆಲಸ ಮಾಡ್ರಿ."

"ಕಿವಿ ಇಲ್ಲದಾಂವ ಕಳ್ಳರ ಸಪ್ಪಳ ಹೆಂಗ ಕೇಳಬೇಕ್ರಿ ಅಕ್ಕಾರ?"

ಚಾವಿ ಕೊಟ್ಟ. ಆಕೆಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಮಾಲಕಿ ಮಾಲಕಿಯಂತೆ ನಡೆದಿದ್ದಳು, ಅದು ಹೊಸದಲ್ಲ. ಅಕ್ಕ ಆ ಚಾವಿಯನ್ನು ಅಲ್ಲೇ, ಅವನೆದುರಿಗೇ, ರುದ್ರೇಶನ ಕೈಗೆ ಕೊಟ್ಟರು. ಅವನು ತಗೊಂಡ. ಉಳಿದ ಡ್ರೈವರುಗಳು ನೆಲ ನೋಡಿದರು. ಯಾರೂ ಗೇಟಿಗೆ ಲಾರಿ ಅಡ್ಡ ನಿಲ್ಲಿಸಲಿಲ್ಲ; ನಿಲ್ಲಿಸಬೇಕಾದ ರುದ್ರೇಶನ ಕಿಸೆಯಲ್ಲೇ ಚಾವಿ ಕುಳಿತಿತ್ತು.

ಅಕ್ಕ ಒಳಗೆ ಹೋದ ಮೇಲೆ ರುದ್ರೇಶ ಹತ್ತಿರ ಬಂದ. "ನಿನ್ನ ಜೀವಕ್ಕ ಹೆದರಿ ಹೇಳೀನಿ ಅಣ್ಣಾ. ಬಲಗಡಿಂದ ಬಸ್ಸೊಂದು ಬಂದಿತ್ತಂದ್ರ..."

"ಹೆದರಿಕಿ ಖರೆ ಇರಬಹುದು. ನನಗ ಹೇಳಬೇಕಿತ್ತಲ್ಲ. 'ಕುಬೇರಣ್ಣಾ, ಮಷೀನ್ ಹಾಕಸ್ಗೊಳ್ಳೂತನಕ ಇಳಿ' ಅಂದಿದ್ರ ಇಳೀತಿದ್ನಿ. ನೀ ಅಕ್ಕಾರಿಗೆ ಹೇಳಿದಿ, ಮ್ಯಾಲೆ ಚಾವಿನೂ ತಗೊಂಡಿ. ಎರಡರಾಗ ಒಂದ ಮಾಡಿದ್ರ ನಂಬತಿದ್ನಿ."

ಕುಬೇರಪ್ಪ ಕ್ಯಾಬಿನ್ ಹತ್ತಿದ. ಸ್ಕ್ರೂಡ್ರೈವರ್ ತೆಗೆದ. ಟೇಪು ಬಿಚ್ಚಿದ, ಆಂಪ್ಲಿಫಾಯರು, ಕನ್ವರ್ಟರು ಬಿಚ್ಚಿದ. ಬರ್ತಿನ ಕೆಳಗೆ ಕೈಹಾಕಿ ಡಬ್ಬಿಯ ಬೋಲ್ಟು ಸಡಿಲಿಸುವಾಗ ತನ್ನ ಬಲಕ್ಕಿದ್ದ ಬಾಗಿಲಲ್ಲಿ ರುದ್ರೇಶ ನಿಂತದ್ದು, ಅವನ ತುಟಿ ಅಲ್ಲಾಡಿದ್ದು ಕನ್ನಡಿಯಲ್ಲಿ ಕಂಡಿತು.

"ಏನಂದಿ? ಆ ಕಡೆ ನಿಂತು ಅಂದ್ರ ನನಗ ಕೇಳಸೂದಿಲ್ಲ. ಅಕ್ಕಾರಿಗೆ ನೀನ ಹೇಳೀಯಲ್ಲ."

ರುದ್ರೇಶ ಸುತ್ತುಹಾಕಿ ಎಡಗಡೆಗೆ ಬಂದ. "ಡಬ್ಬಿ ಇರಲಿ ಬಿಡಣ್ಣಾ, ಅಂದ್ನಿ. ನಿನಗ ಮನ್ಯಾಗ ಏನ ಉಪಯೋಗ ಐತಿ? ಇದ್ದಲ್ಲೆ ಇರಲಿ, ನೀ ನೆನಪಿರ್ತಿ."

ಕುಬೇರಪ್ಪ ಬೋಲ್ಟು ತಿರುಗಿಸುತ್ತಲೇ ಇದ್ದ. "ಈ ಕಡಿಂದನೂ ಕೇಳಸವಲ್ದು," ಅಂದ.

ಡಬ್ಬಿ ಹೊರಬಂತು. ನೆಲಹಾಸಿನ ಕೆಳಗಿನ ದಪ್ಪ ವೈರನ್ನು ಅವನು ಕೀಳಲಿಲ್ಲ. ಫ್ಯೂಜು ತೆಗೆದು, ತುದಿಗಳಿಗೆ ಕರಿ ಪಟ್ಟಿ ಬಿಗಿಯಾಗಿ ಸುತ್ತಿ ಒಳಗೆ ತುರುಕಿದ. ಕರೆಂಟು ತಾಗಿ ಬೆಂಕಿ ಹತ್ತಿದರೆ ಸುಡುವುದು ಲಾರಿ, ಅದರದೇನೂ ತಪ್ಪಿರಲಿಲ್ಲ.

ಹಾನಗಲ್ ಬಸ್ಸಿನಲ್ಲಿ ಬಲಗಡೆಯ ಕಿಟಕಿಗೆ ಕುಳಿತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಎಡಕ್ಕೆ ಎಲೆಬುಟ್ಟಿ ಹಿಡಿದ ಮುದುಕಿಯೊಬ್ಬಳು ಕುಳಿತಿದ್ದಳು. ಊರು ದಾಟಿದ ಸ್ವಲ್ಪ ಹೊತ್ತಿಗೆ ಹೊಸ ಲಾರಿ ಬಸ್ಸಿನ ಬಲಕ್ಕೆ ಬಂತು, ಕಿಟಕಿಗೆ ಸಮನಾಗಿ ಓಡಿ ಮುಂದೆ ಹೋಯಿತು. ಕುಬೇರಪ್ಪನ ಬಲಗಿವಿಗೆ ಏನೂ ಕೇಳಿಸಲಿಲ್ಲ. ಅವನ ಅಂಗೈ ಡಬ್ಬಿಯ ಮೇಲಿತ್ತು.

ಮುದುಕಿ ಮೊಣಕೈಯಿಂದ ತಿವಿದಳು. "ಆ ಲಾರಿಯಾಂವ ನಿನ್ನ ನೋಡಿ ಒಂದ ಸವನ ಹಾರನ್ ಹೊಡದ್ನಲ್ಲೋ ಯಪ್ಪಾ. ಪರಿಚಯದಾಂವೇನು?"

ಇದು ಎಡಗಿವಿಗೆ ಸ್ಪಷ್ಟವಾಗಿ ಕೇಳಿಸಿತು.

"ಅಲ್ಲಬೇ," ಅಂದ ಕುಬೇರಪ್ಪ.