ಯಾವ ಜನ?

ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವುದು ನನ್ನ ಕೆಲಸ. ನಾಗಮಂಗಲದ ಹತ್ತಿರ ಒಂದು ಮನೆಯಲ್ಲಿ ಹಾಲಿನ ಡೈರಿ ಸೆಕ್ರೆಟರಿಯೊಬ್ಬರು ನನ್ನ ಏಣಿ ಹಿಡಿದುಕೊಂಡು ಕೇಳಿದರು: "ಅಂದಂಗೆ, ನೀವಾದ್ರೆ ಯಾವ ಜನ?"

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. "ನನ್ನ ಜಾತಿ ಯಾಕೆ ಸಾರ್ ನಿಮಗೆ?" ಎಂದೆ.

"ಅಯ್ಯೋ, ಜಾತಿ ಅಲ್ಲ ಕಣ್ರೀ! ಶುಕ್ರವಾರ ಆನ್‌ಲೈನ್ ಗೇಮ್ ಒಂದು ಬತ್ತದೆ. ಅದ್ರಲ್ಲಿ ಯಕ್ಷರು, ಕುಳ್ಳರು, ರಾಕ್ಷಸರು ಅಂತ ಅವ್ರೆ. ಆಡೋರು ಅದ್ರಲ್ಲಿ ಯಾವ್ದಾದ್ರೂ ಒಂದು ಜನ ಆಗ್ಬೇಕು, ಒಂದ್ಸಲ ಆರಿಸ್ಕಂಡ್ರೆ ಬದಲಾಯ್ಸಂಗಿಲ್ಲ. ತಿಂಗಳಿಂದ ಅದೇ ಯೋಚ್ನೆ ನಂಗೆ."

ನಾಚಿಕೆಯಾಯಿತು. "ರಾಕ್ಷಸ ಆಗಿ ಸಾರ್" ಎಂದೆ.

ಲೈನ್ ಬಂತು. ಹೊರಡುವಾಗ ಅವರ ತಾಯಿ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದು, ಕೊಡುವ ಮುಂಚೆ, "ನೀನು ಯಾವ ಜನ್ವಪ್ಪಾ?" ಎಂದರು.

"ರಾಕ್ಷಸರು ಕಣವ್ವಾ" ಎಂದೆ.

ಅವರು ಸ್ವಲ್ಪ ಯೋಚಿಸಿ ಒಳಗೆ ಹೋಗಿ, ಅದೇ ಮಜ್ಜಿಗೆಯನ್ನು ಪೇಪರ್ ಲೋಟಕ್ಕೆ ಬಗ್ಗಿಸಿ ತಂದರು. ಮಜ್ಜಿಗೆ ಮಾತ್ರ ಚೆನ್ನಾಗಿತ್ತು.