ಹುಣಸೆಹಣ್ಣು ಹರವಿದ ಮನೆ

ರಜೆಗೆ ಬಂದಿದ್ದ ಮೊಮ್ಮಗಳು ಹೋಗುವಾಗ ನನ್ನ ಮಂಚದ ಮೇಲೆ ಒಂದು ಪುಸ್ತಕ ಬಿಟ್ಟು ಹೋದಳು. ಗುಲಾಬಿ ಬಣ್ಣದ ಕವರ್. ಅದರ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇಬ್ಬರು ಹುಡುಗಿಯರ ಕಾರ್ಟೂನ್. "ರೊಮ್ಯಾಂಟಿಕ್ ಕಾಮಿಡಿ ಅಜ್ಜಿ. ಅಕ್ಕ-ತಂಗಿ ಇಬ್ಬರಿಗೂ ಲವ್ ಆಗೋ ಕಥೆ. ಟೈಮ್ ಪಾಸ್‌ಗೆ ಓದು" ಎಂದಿದ್ದಳು. ಮಧ್ಯಾಹ್ನ ಹಿತ್ತಿಲ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಓದಲು ಕೂತೆ. ಅಲ್ಲೇ ನೆಲದ ಮೇಲೆ, ಅಡುಗೆಗೆ ಬರುವ ಹೆಂಗಸು ಹೊಸ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ಕೈಯಲ್ಲಿ ಇಂಗ್ಲಿಷ್ ನಾವೆಲ್, ಮೂಗಿಗೆ ಹುಣಸೆಯ ಆ ಹುಳಿಸಿಹಿ ವಾಸನೆ... ಅವೆರಡೂ ಹಿಂದೊಮ್ಮೆ ಹೀಗೆ ಒಟ್ಟಿಗೆ ಬಂದದ್ದು ಎಪ್ಪತ್ತು ವರ್ಷಗಳ ಕೆಳಗೆ, ಮಧುಗಿರಿಯಲ್ಲಿ. ಎದುರುಮನೆಯ ಅಕ್ಕನ ಕಾಲದಲ್ಲಿ.

ನಮ್ಮ ತಂದೆ ಆಗ ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರು. ನನ್ನನ್ನು ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ, ಟ್ರಂಕು ಹೊತ್ತುಕೊಂಡು ಮಧುಗಿರಿಗೆ ಬರುತ್ತಿದ್ದೆ. ಎದುರುಮನೆಯವರದು ಹುಣಸೆಹಣ್ಣಿನ ಮಂಡಿ. ಲಿಂಗವಂತರು, ತಲೆತಲಾಂತರದಿಂದ ಅಲ್ಲೇ ಇದ್ದವರು. ಯಜಮಾನರಿಗೆ ಹೆಂಡತಿ ಇರಲಿಲ್ಲ, ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳೇ ಅಕ್ಕ. ಇಪ್ಪತ್ತು ದಾಟಿದ್ದಳು, ಆ ಕಾಲಕ್ಕೆ ಅದೇ ಊರಿನ ಬಾಯಿಗೆ ಬೀಳುವ ವಯಸ್ಸು. ಮುಖದ ತುಂಬ ಸಿಡುಬಿನ ಕಲೆ. ಯಾರಾದರೂ ಅಯ್ಯೋ ಎಂದರೆ, "ಅಮ್ಮ ಬಂದಿದ್ಲು, ರಂಗೋಲಿ ಇಟ್ಟು ಹೋದ್ಲು" ಎಂದು ನಗುತ್ತಿದ್ದಳು. ತಂಗಿ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ನೋಡಿದವರು ಇನ್ನೊಮ್ಮೆ ತಿರುಗಿ ನೋಡುವಂಥವಳು. ಅವಳನ್ನು ಸಾಕಿದ್ದು, ತಲೆ ಬಾಚಿದ್ದು, ಹೊಡೆದದ್ದು ಎಲ್ಲ ಅಕ್ಕನೇ.

ಬೇಸಗೆ ಬಂತೆಂದರೆ ಅವರ ಮನೆಯ ಮುಂದೆ ಚಾಪೆಗಳ ಮೇಲೆ ಹುಣಸೆಹಣ್ಣು ಹರವುತ್ತಿದ್ದರು. ಆಳು ಹೆಂಗಸರ ಜೊತೆ ಅಕ್ಕ-ತಂಗಿಯೂ ಕೂತು ಕೊಡತಿಯಲ್ಲಿ ಜಜ್ಜಿ ನಾರು, ಬೀಜ ಬಿಡಿಸುತ್ತಿದ್ದರು. ಎಲ್ಲರ ಕೈಯೂ ಮೊಣಕೈವರೆಗೆ ಅಂಟು. ಶುದ್ಧ ಕೈಯವಳು ನಾನೊಬ್ಬಳೇ. ಹಾಗಾಗಿ ಓದುವ ಕೆಲಸ ನನ್ನದಾಯಿತು.

ಆ ವರ್ಷ ಟ್ರಂಕಿನ ತಳದಲ್ಲಿ, ಪೆಟಿಕೋಟುಗಳ ಕೆಳಗೆ, ನಾನೊಂದು ನಾವೆಲ್ ತಂದಿದ್ದೆ. ಮದರ್ ಸುಪೀರಿಯರ್ ಕಂಡಿದ್ದರೆ ಸುಟ್ಟೇ ಹಾಕುತ್ತಿದ್ದರು. ಇಂಗ್ಲೆಂಡಿನ ಯಾವುದೋ ಸಣ್ಣ ಊರು, ಅಲ್ಲಿ ಇಬ್ಬರು ಸಿಸ್ಟರ್ಸ್, ಅವರಿಗೆ ಗಂಡು ಸಿಗುವುದರೊಳಗೆ ನೂರೆಂಟು ಫಜೀತಿ. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿ ಕೊನೆಯ ಹಾಳೆಗಳು ಹರಿದುಹೋಗಿದ್ದವು. ನಾನು ಒಂದೊಂದು ಪ್ಯಾರಾ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಡ್ಯಾನ್ಸ್ ಪಾರ್ಟಿಯ ಚಾಪ್ಟರ್ ಮುಗಿದಾಗ ಅಕ್ಕ ಕೊಡತಿ ಕೆಳಗಿಟ್ಟಳು.

"ಅಲ್ಲ ಕಣಮ್ಮ ಕಾನ್ವೆಂಟಮ್ಮ, ಆ ಊರಾಗೆ ಸೋದರಮಾವಂದಿರೇ ಇಲ್ವಾ? ಒಂದು ಗಂಡು ಹುಡುಕಾಕೆ ಇಷ್ಟೊಂದು ಕುಣೀಬೇಕಾ?"

"ಅವರಲ್ಲಿ ಮಾವನನ್ನು ಮದುವೆ ಆಗೋದಿಲ್ಲ ಅಕ್ಕ."

"ಅದಕ್ಕೇ ಪಾಪ, ಪುಸ್ತಕ ಇಷ್ಟು ದಪ್ಪ ಆಗೈತೆ."

ಆಮೇಲೆ ನಾನು ಎಂ.ಎ. ತನಕ ಇಂಗ್ಲಿಷ್ ಲಿಟರೇಚರ್ ಓದಿದೆ. ಅಂಥ ಕ್ರಿಟಿಕ್ ನನಗೆ ಮತ್ತೆ ಸಿಗಲಿಲ್ಲ. ಕಥೆಯಲ್ಲಿ ದೊಡ್ಡವಳನ್ನು ನೋಡಲು ಬರುತ್ತಿದ್ದವನ ಮನಸ್ಸು ಚಿಕ್ಕವಳ ಕಡೆ ತಿರುಗುತ್ತದೆ. ದೊಡ್ಡವಳು ನಗುನಗುತ್ತ ಬಿಟ್ಟುಕೊಟ್ಟು, ಕೋಣೆಗೆ ಹೋಗಿ ದಿಂಬು ನೆನೆಯುವ ಹಾಗೆ ಅಳುತ್ತಾಳೆ. ಲೇಖಕರು ಅದನ್ನು ಎರಡು ಪುಟ ಬರೆದಿದ್ದರು. ಓದುತ್ತ ನಾನೂ ಕಣ್ಣೊರೆಸಿಕೊಂಡೆ. ಅಕ್ಕ ಮಾತ್ರ, "ನಿಲ್ಸು, ನಿಲ್ಸು" ಎಂದಳು. "ದಿಂಬು ಇರಾದು ತಲೆ ಇಡಾಕೆ. ಮುಖದ ಮುಂದೆ ನಗಾದು, ದಿಂಬಿನ ಮುಂದೆ ಅಳಾದು, ಇದ್ಯಾವ ನ್ಯಾಯ? ಒಂದೋ ಬಿಡಲ್ಲ ಅನ್ಬೇಕು, ಇಲ್ಲ ಸಂತೋಷವಾಗಿ ಬುಟ್‌ಬುಡ್ಬೇಕು."

ಇದನ್ನೆಲ್ಲ ಆಗ ನಾವು ಕಥೆಯ ಮಾತೆಂದೇ ತಿಳಿದಿದ್ದೆವು.

ಅಕ್ಕನನ್ನು ನೋಡಲು ಅದಕ್ಕೆ ಮೊದಲು ಕೊರಟಗೆರೆಯಿಂದ ಒಮ್ಮೆ, ಸಿರಾದಿಂದ ಒಮ್ಮೆ ಬಂದಿದ್ದರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೋಗುವಾಗ ಇಬ್ಬರೂ ಕೇಳಿದ್ದು ಒಂದೇ: "ಚಿಕ್ಕೋಳ್ನ ಕೊಡ್ತೀರಾ?" ಅಂಥ ಮನೆಗಳಲ್ಲಿ ಆಗ ಒಂದು ರೂಢಿ ಇತ್ತು. ದೊಡ್ಡವಳನ್ನು ನೋಡಲು ಬರುವ ದಿನ ಚಿಕ್ಕವಳನ್ನು ಕಣ್ಣಿಗೆ ಬೀಳದಂತೆ ಬೇರೆ ಮನೆಗೆ ಕಳಿಸುವುದು. ಪಾವಗಡದ ಕಡೆಯಿಂದ ಮೂರನೆಯ ಸಂಬಂಧ ಗೊತ್ತಾದಾಗ ಯಜಮಾನರು ತಂಗಿಯನ್ನು ನಮ್ಮ ಮನೆಗೆ ಕಳಿಸಿದರು. ಮನೆಯ ಮುಂದೆ ಚೊಕ್ಕಟವಾಗಿರಲೆಂದು ಹುಣಸೆಹಣ್ಣು, ಚಾಪೆ, ಆಳು ಹೆಂಗಸರು ಎಲ್ಲವನ್ನೂ ನಮ್ಮ ಜಗಲಿಯ ಮುಂದಕ್ಕೇ ಸಾಗಿಸಿದರು. ಒಂದನ್ನು ಮಾತ್ರ ಮರೆತಿದ್ದರು. ಬರುವವರಿಗೆ ಅವರೇ ಗುರುತು ಹೇಳಿ ಕಳಿಸಿದ್ದರು: ಬೀದಿಯಲ್ಲಿ ಹುಣಸೆಹಣ್ಣು ಹರವಿರುವ ಮನೆ.

ಯುದ್ಧದ ಕಾಲ. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಅದರಿಂದ ಇಳಿದು, ಮುಖದ ಮೇಲೆ ಮಸಿ ಹೊತ್ತು ಮೂವರು ನಮ್ಮ ಜಗಲಿಗೆ ಬಂದರು: ಹುಡುಗ, ಅವನ ತಾಯಿ, ಅವನ ಚಿಕ್ಕಪ್ಪ. ಆಕೆ ತೆಲುಗು ಬೆರೆಸಿ, "ತಲ್ಲೀ, ಮುಖ ತೊಳಿಯೋಕೆ ಕೊಂಚೆಂ ನೀಳ್ಳು ಕೊಡ್ತೀಯಾ?" ಎಂದು ನೀರು ಕೇಳಿದರು. ನಮ್ಮಮ್ಮ ಸಹಾಯಕ್ಕೆಂದು ಎದುರುಮನೆಗೆ ಹೋಗಿದ್ದರು. ನಾನು ನೀರು ತರಲು ಒಳಗೆ ಓಡಿದೆ. ಬಿಂದಿಗೆ ಹೊತ್ತು ಹೊರಗೆ ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಹುಡುಗನ ತಾಯಿ ಹುಣಸೆಹಣ್ಣಿನ ಮಧ್ಯೆ ಕೂತಿದ್ದ ತಂಗಿಯ ಮುಡಿಗೆ ಮಲ್ಲಿಗೆ ದಂಡೆ ಮುಡಿಸಿ, ಹಣೆಗೆ ಕುಂಕುಮ ಇಡುತ್ತಿದ್ದರು.

"ಸಿಂಗಾರ ಮಾಡ್ಕೊಂಡು ಕೂತೋಳ್ನ ಎಲ್ರೂ ನೋಡ್ತಾರೆ. ಕೆಲಸದಾಗೆ ಕೂತೋಳ್ನ ನಾನು ನೋಡಿದೆ. ಚಾಲು, ಇಷ್ಟು ಸಾಕು, ಇನ್ನೇನೂ ನೋಡೋದು ಬ್ಯಾಡ" ಎನ್ನುತ್ತಿದ್ದರು. ಎರಡೂ ಕೈ ಅಂಟಾಗಿದ್ದ ಆ ಹುಡುಗಿ ತಡೆಯುವುದು ಹೇಗೆ? "ಯಮ್ಮಾ, ಈ ಹುಡುಗಿ ಅಲ್ಲ ಕಣಮ್ಮ, ಇವ್ಳ ಅಕ್ಕ" ಎಂದು ಆಳು ಹೆಂಗಸೊಬ್ಬಳು ಹೇಳುವ ಹೊತ್ತಿಗೆ ಹೊತ್ತು ಮೀರಿತ್ತು.

ಹೂ ಮುಡಿಸಿದರೆ ಮಾತು ಕೊಟ್ಟ ಹಾಗೆ. ಮುಡಿಸಿದ ಹೂವನ್ನು ತೆಗೆಸಿದರೆ ತಂಗಿಗೆ ಇನ್ನು ಬೇರೆ ಸಂಬಂಧ ಬರುವುದು ಕಷ್ಟ. ತೆಗೆಸದಿದ್ದರೆ, ತಂಗಿ ತನ್ನನ್ನು ದಾಟಿ ಹೋದ ಹೆಣ್ಣು ಎಂಬ ಹೆಸರು ಅಕ್ಕನಿಗೆ ಉಳಿಯುತ್ತದೆ. ಯಜಮಾನರು ಎದುರುಮನೆಯಿಂದ ಓಡಿ ಬಂದವರು ಜಗಲಿಯ ಕಂಬ ಹಿಡಿದು ನಿಂತುಬಿಟ್ಟರು. ಗಂಡಿನ ತಾಯಿಯ ಮುಖ ಇಳಿದುಹೋಗಿತ್ತು.

ಆಗ ಅಕ್ಕ ಬಂದಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಕೈಯಲ್ಲಿ ಕಾಫಿ ಲೋಟಗಳ ತಟ್ಟೆ. ನೋಡಿಸಿಕೊಳ್ಳುವ ಹುಡುಗಿ ಒಳಕೋಣೆಯಿಂದ ತಲೆ ತಗ್ಗಿಸಿ ಬರಬೇಕು. ತಲೆಯೆತ್ತಿ ನಡುಬೀದಿ ದಾಟಿ ಬಂದವಳನ್ನು ನಮ್ಮ ಬೀದಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಕಾಫಿ ಆರೋಗ್ತಿತ್ತು. ನೀವು ದಾರಿ ತಪ್ಪಿದ್ರೆ ಅದ್ಯಾಕೆ ಕೆಡ್ಬೇಕು ಅಂತ ತಂದ್ಬುಟ್ಟೆ" ಎಂದಳು.

ಗಂಡಿನ ತಾಯಿ ಕೈ ಮುಗಿದರು. "ತಪ್ಪು ನಂದಮ್ಮ. ಆ ಹೂವ ತೆಗೆದು ನಿನಗೇ ಮುಡಿಸ್ತೀನಿ."

"ನನ್ನ ತಲೆ ತುಂಬ ಐತೆ ಕಣಮ್ಮ ಹೂವು. ಜಾಗ ಇಲ್ಲ."

ತಂಗಿ ಅಷ್ಟರಲ್ಲಿ ಕೈ ತೊಳೆದು ಬಂದು ಬಾಗಿಲ ಮರೆಯಲ್ಲಿ ನಿಂತಿದ್ದಳು. "ತೆಗೆದ್ಬುಡ್ತೀನಕ್ಕ, ಈಗ್ಲೇ ತೆಗೆದ್ಬುಡ್ತೀನಿ" ಎಂದು ಅಳುತ್ತಿದ್ದಳು. ಕೈ ಹೂವಿನವರೆಗೆ ಹೋಯಿತು. ಕೀಳಲಿಲ್ಲ, ಜಾರದ ಹಾಗೆ ಹಿಡಿದುಕೊಂಡಿತು. ಅದನ್ನು ನಾನು ನೋಡಿದೆ, ಅಕ್ಕನೂ ನೋಡಿದಳು. ಜಗಲಿಯ ಮೇಲೆ ಆ ಹುಡುಗನ ಕಿವಿ ಕೆಂಪಾಗಿದ್ದನ್ನೂ ನೋಡಿದಳು.

"ನೋಡ್ರಪ್ಪಾ, ಇವ್ಳ ಬಾಯಿ ತೆಗೀತೀನಿ ಅಂತದೆ, ಕೈ ಹಿಡ್ಕೊಂಡೈತೆ. ನಾನಂತೂ ಕೈ ಮಾತು ನಂಬ್ತೀನಿ."

ಯಜಮಾನರು ಕಂಬ ಬಿಟ್ಟು ಮುಂದೆ ಬಂದರು. "ದೊಡ್ಡೋಳು ಇರ್ಬೇಕಾದ್ರೆ ಚಿಕ್ಕೋಳ್ನ ಹೆಂಗಮ್ಮ ಕೊಡ್ಲಿ? ಆಮೇಲೆ ನಿನ್ನ ಯಾರು ಕೇಳ್ತಾರೆ?"

"ಸೀಮೆಎಣ್ಣೆ ಕ್ಯೂನೇನಪ್ಪ ಇದು, ಮುಂದೆ ನಿಂತೋರು ಹೋದ ಮೇಲೇ ಹಿಂದಿನೋರು ಹೋಗಾಕೆ? ನನ್ನ ಕೇಳಾರು ಬಂದ್ರೆ ಬರ್ಲಿ. ಇಲ್ದಿದ್ರೆ ದಿಂಬು ಹಿಡ್ಕೊಂಡೇನೂ ಕೂರಲ್ಲ ನಾನು" ಎಂದು ನನ್ನ ಕಡೆ ತಿರುಗಿದಳು.

ಹುಣಸೆಹಣ್ಣಿನ ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹುಡುಗನ ಚಿಕ್ಕಪ್ಪ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಅಣ್ಣನ ಮಗನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು, ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ದಿಂಬಿನ ಸಮಾಚಾರ ಏನು?" ಎಂದು ಕೇಳಿದರು.

"ಅದು ಪುಸ್ತಕದ ಮಾತು. ನಿಮಗೆ ತಿಳಿಯಲ್ಲ ಬುಡಿ."

"ತಿಳಿಸಿದರೆ ತಿಳೀತದೆ" ಎಂದರು ಮೇಷ್ಟ್ರು.

ಅವರೆಲ್ಲ ಹೊರಟ ಮೇಲೆ ಅಕ್ಕ ಮನೆಗೆ ಹೋಗಲಿಲ್ಲ. ರೇಷ್ಮೆ ಸೀರೆಯಲ್ಲೇ ಚಾಪೆಯ ಮೇಲೆ ಕೂತು, ಕೊಡತಿ ತೆಗೆದುಕೊಂಡು ಜಜ್ಜತೊಡಗಿದಳು. ಬೀಜವೂ ಪುಡಿಯಾಗುವ ಹಾಗೆ ಜಜ್ಜಿದಳು. ಹೆಂಗಸರು ತಲೆ ತಗ್ಗಿಸಿ ತಮ್ಮ ಪಾಡಿಗೆ ಕೆಲಸ ಮಾಡಿದರು. ಮುಡಿಯ ಮಲ್ಲಿಗೆಯ ವಾಸನೆ, ಹುಣಸೆಯ ವಾಸನೆ... ಎಷ್ಟೋ ಹೊತ್ತಿನ ಮೇಲೆ ಕೈ ನಿಲ್ಲಿಸಿ, "ಓದಮ್ಮ ಕಾನ್ವೆಂಟಮ್ಮ, ಎಲ್ಲಿಗೆ ನಿಲ್ಸಿದ್ದೆ?" ಎಂದಳು. ದನಿ ಎಂದಿನಂತೆಯೇ ಇತ್ತು. ಅವತ್ತಿನ ಅಕ್ಕನನ್ನು ನಾನು ಇವತ್ತಿಗೂ ಬೆರಗಿನಿಂದ ನೋಡುತ್ತೇನೆ.

ಪುಸ್ತಕ ಬೇಗ ಮುಗಿಯಿತು, ಅಂದರೆ ಇದ್ದಷ್ಟು ಹಾಳೆ ಮುಗಿಯಿತು. ಮುಂದೇನಾಯಿತೆಂದು ಹೆಂಗಸರು ನನ್ನನ್ನು ಪೀಡಿಸಿದರು. ಅಕ್ಕನೇ ಹೇಳಿದಳು: "ನಾ ಹೇಳ್ತೀನಿ ಕೇಳ್ರೇ. ದೊಡ್ಡೋಳು ಕಣ್ಣೊರೆಸ್ಕೊಂಡು ಎದ್ದು ಬತ್ತಾಳೆ. ಇಷ್ಟು ದಿನ ಗಂಡುಗಳು ಬಂದು ಇವಳ್ನ ನೋಡಿದ್ರಲ್ಲ, ಇನ್ನು ಬರೋನ್ನ ಇವಳೇ ಕೂರ್ಸಿ ನೋಡ್ತಾಳೆ."

ಹಾಗೇ ಆಯಿತು. ತಂಗಿಯ ಮದುವೆಯಾದ ಮೇಲೆ ಮೇಷ್ಟ್ರು ಅಕ್ಕನನ್ನು ಕೇಳಿ ಹೇಳಿಕಳಿಸಿದರು. ಮುಂದಿನ ಬೇಸಗೆಯಲ್ಲಿ ಅವರು ಬಂದಾಗ ನಾನೂ ಊರಲ್ಲಿದ್ದೆ. ಅಕ್ಕ ಸಿಂಗಾರ ಮಾಡಿಕೊಳ್ಳಲಿಲ್ಲ. ಹುಣಸೆಹಣ್ಣಿನ ಮುಂದೆ ಕೂತು, ಆ ನಾವೆಲನ್ನು ನನ್ನ ಕೈಯಿಂದಲೇ ಅವರಿಗೆ ಕೊಡಿಸಿದಳು. "ಹುಡುಗೀರ್ನ ಓದ್ಸಿ, ಹಾಡ್ಸಿ ನೋಡ್ತೀರಲ್ಲ. ಇದನ್ನ ಸ್ವಲ್ಪ ಓದಿ ಹೇಳಿ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರ ಇಂಗ್ಲಿಷ್ ಉಚ್ಚಾರ ನಮ್ಮ ಕಾನ್ವೆಂಟಿನಲ್ಲಿ ಪಾಸಾಗುತ್ತಿರಲಿಲ್ಲ. ಆದರೆ ತಡವರಿಸದೆ ಓದಿ, ಕನ್ನಡದಲ್ಲಿ ಸೊಗಸಾಗಿ ಹೇಳಿದರು. ದೊಡ್ಡವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಲ್ಲಿಗೆ ಬಂದು, ನಿಲ್ಲಿಸಿ, ತಲೆಯೆತ್ತಿ, "ಓಹೋ, ಇದೇನಾ ಆ ದಿಂಬು?" ಎಂದರು. ಅಕ್ಕ ನಕ್ಕ ನಗು ಅಮಲ್ದಾರರ ಕಚೇರಿಯವರೆಗೂ ಕೇಳಿರಬೇಕು.

ಒಪ್ಪಿಗೆಯೇ ಎಂದು ನಮ್ಮಮ್ಮ ಒಳಗೆ ಕರೆದು ಕೇಳಿದರು. "ಓದ್ತಾರೆ, ಪರವಾಗಿಲ್ಲ. ನಿಲ್ಸಬೇಕಾದ ಕಡೆ ನಿಲ್ಸಾಕೂ ಬತ್ತದೆ" ಎಂದಳು ಅಕ್ಕ.

ಒಡಹುಟ್ಟಿದವಳು ತಂಗಿಗೆ ಅತ್ತೆಯಾಗುವುದು ಎಲ್ಲಾದರೂ ಉಂಟೇ, ವರಸೆ ಕೆಟ್ಟುಹೋಯಿತು ಎಂದು ಬೀದಿಯ ಮುದುಕಿಯರು ಗೊಣಗಿದರು. "ಇಷ್ಟು ದಿನ ಅಕ್ಕನಾಗಿ ಬೈತಿದ್ದೆ, ಇನ್ಮೇಲೆ ಅತ್ತೆಯಾಗಿ ಬೈತೀನಿ. ಅವಳಿಗೆ ಅಭ್ಯಾಸ ಐತೆ" ಎಂದಳು ಅಕ್ಕ. ಹಸೆಮಣೆಯ ಮೇಲೆ ಕೂತಾಗ ಅವಳ ಮುಖದ ಕಲೆ ನನಗೆ ಒಂದೂ ಕಾಣಲಿಲ್ಲ. ಇತ್ತು, ನೋಡುವ ನೆನಪಾಗಲಿಲ್ಲ.

ಆಮೇಲೆ ನಮ್ಮ ತಂದೆಗೆ ವರ್ಗವಾಯಿತು, ನನಗೂ ಮದುವೆ, ಮಕ್ಕಳು, ಕಾಲೇಜಿನ ಕೆಲಸ... ಎಷ್ಟೋ ವರ್ಷಗಳ ಮೇಲೆ ಹಳೇ ಪುಸ್ತಕದ ಅಂಗಡಿಯಲ್ಲಿ ಅದೇ ನಾವೆಲ್, ಪೂರ್ತಿ ಹಾಳೆಗಳಿರುವುದು, ಸಿಕ್ಕಿತು. ಅಂಗಡಿಯಲ್ಲೇ ನಿಂತು ಕೊನೆ ಓದಿದೆ. ದೊಡ್ಡವಳು ಚಿಕ್ಕವಳ ಮಕ್ಕಳನ್ನು ಆಡಿಸಿಕೊಂಡು, ಅದರಲ್ಲೇ ಸುಖ ಕಂಡು ಉಳಿದುಬಿಡುತ್ತಾಳೆ. ಆ ಪುಸ್ತಕ ಕೊಂಡು, ಅಕ್ಕನಿದ್ದ ಪಾವಗಡದ ಬಸ್ಸು ಹತ್ತಿದೆ.

ಅಕ್ಕನ ಕೂದಲು ಬೆಳ್ಳಗಾಗಿತ್ತು. ಮೇಷ್ಟ್ರು ಹೋಗಿ ಒಂದು ವರ್ಷವಾಗಿತ್ತು. ಅವರು ಇರುವತನಕ ಮಧ್ಯಾಹ್ನದ ಹೊತ್ತು ಏನಾದರೊಂದು ಓದಿ ಹೇಳುತ್ತಿದ್ದರಂತೆ. ಪಕ್ಕದ ಮನೆಯಿಂದ ತಂಗಿಯೂ ಬಂದು ಕೂತಳು. ನಾನು ಕೊನೆಯ ಚಾಪ್ಟರ್ ಓದಿ ಹೇಳಿದೆ. ಅಕ್ಕ ಪೂರ್ತಿ ಕೇಳಿ, "ಆ ಹಾಳೆ ಹರಿದೋರು ಪುಣ್ಯ ಕಟ್ಕೊಂಡ್ರು ಬುಡು" ಎಂದಳು.

ಅದೇ ಕೊನೆಯ ಭೇಟಿ. ಅವಳು ಹೋದ ಸುದ್ದಿ ನನಗೆ ತಲುಪಿದಾಗ ಶಿವಗಣಾರಾಧನೆಯೂ ಮುಗಿದಿತ್ತು.

ಮೊಮ್ಮಗಳ ಪುಸ್ತಕ ಚೆನ್ನಾಗಿದೆ. ಹುಡುಗಿಯರು ಜಾಣೆಯರು, ಸ್ವಂತ ಕಾಲ ಮೇಲೆ ನಿಂತವರು. ಆದರೂ ಅರ್ಧಕ್ಕೆ ಬಂದಾಗ ಅಕ್ಕನಾದವಳು ತಂಗಿಯ ಮುಂದೆ ನಕ್ಕು, ಬೆಡ್‌ರೂಮಿಗೆ ಹೋಗಿ ದಿಂಬಿನಲ್ಲಿ ಮುಖ ಹುದುಗಿಸಿದಳು. ಯಾವಾಗಿನಿಂದಲೋ, ನನಗೇ ತಿಳಿಯದೆ, ನಾನು ಗಟ್ಟಿಯಾಗಿ, ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಅಲ್ಲಿಗೆ ಬಂದು ನಿಲ್ಲಿಸಿದೆ. ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತಿ, "ಆಮೇಲೇನಾಯ್ತಮ್ಮ?" ಎಂದಳು.

ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ನಿಲ್ಸು ಎನ್ನುವವರು ಯಾರೂ ಇರಲಿಲ್ಲ. ಪುಟ ತಿರುಗಿಸಿದೆ.